ಮಂಗಳೂರಿನಲ್ಲಿ ಎಚ್‌ಐವಿ ಕೆಲಸ: ಬಾಗಲಕೋಟೆಯಿಂದ ಬರುವವರಿಗೆ

ನಿಮ್ಮ ಬಾಗಲಕೋಟೆ ಕಡೆ ಲೈಂಗಿಕ ಕಾರ್ಯಕರ್ತೆಯರ ಸಂಘದ ಹೆಣ್ಣುಮಕ್ಕಳು ತಮ್ಮ ಹೆಸರು ಹೇಳಿಕೊಂಡೇ ಮೈಕ್ ಹಿಡಿಯುತ್ತಾರೆ. ಮಂಗಳೂರಿನಲ್ಲಿ ಯಾರೂ ಕಾಣಿಸುವುದಿಲ್ಲ, ಅಲ್ಲಿ ಈ ಕಾಯಿಲೆಯೇ ಇಲ್ಲವಾ ಎಂದು ಕೇಳಿದ್ದೀರಿ. ಉಂಟು ಮಾರಾಯ್ರೆ. ಕಾಯಿಲೆಯೂ ಉಂಟು, ಕೆಲಸವೂ ಉಂಟು. ಯಾರ ಕಣ್ಣಿಗೂ ಬೀಳದ ಹಾಗೆ ನಡೆಸುವುದೇ ಇಲ್ಲಿಯ ಕೆಲಸದ ಮುಕ್ಕಾಲು ಪಾಲು. ನಾನು ತಲಪಾಡಿ ಕಡೆಯವನು, ನಮ್ಮಲ್ಲಿಂದ ಸ್ವಲ್ಪ ಮುಂದೆ ಹೋದರೆ ಕೇರಳ. ಎಚ್‌ಐವಿ ಕೆಲಸ ಮಾಡುವ ಒಂದು ಸಂಸ್ಥೆಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಬಸ್ ಟಿಕೆಟ್, ಚಹಾದ ಬಿಲ್ಲು ನೋಡುತ್ತಾ ನೋಡುತ್ತಾ ಕೆಲಸವೂ ಅರ್ಥವಾಯಿತು.

ಮೊದಲು ಊರಿನ ಸ್ವಭಾವ ಹೇಳುತ್ತೇನೆ. ಇಬ್ಬರು ತುಳುವರು ಬಸ್ಸಿನಲ್ಲಿ ಅಕ್ಕಪಕ್ಕ ಕುಳಿತರೆ ಮೊದಲ ಪ್ರಶ್ನೆ ‘ಊರು ಓಲು?’, ಅಂದರೆ ಊರು ಎಲ್ಲಿ ಎಂದು. ಎರಡನೆಯದು ಯಾವ ಮನೆ ಎಂದು. ಮೂರನೆಯದಕ್ಕೆ ಹೋಗುವಷ್ಟರಲ್ಲಿ ಇಬ್ಬರಿಗೂ ಗೊತ್ತಿರುವ ಒಬ್ಬ ಮಾವ ಸಿಕ್ಕಿರುತ್ತಾರೆ. ಕೊಂಕಣಿಯವರಲ್ಲೂ ಬ್ಯಾರಿಗಳಲ್ಲೂ ಹೀಗೇ. ಇದು ಊಟಕ್ಕೆ, ಮದುವೆಗೆ ಒಳ್ಳೆಯದು. ರಕ್ತ ಪರೀಕ್ಷೆಯ ಸಾಲಿನಲ್ಲಿ ನಿಂತವನಿಗೆ ಮಾತ್ರ ಇದೇ ದೊಡ್ಡ ಭಯ. ಸಾಯುವ ಭಯಕ್ಕಿಂತ ಜಾಸ್ತಿ, ತಂಗಿಗೆ ಬಂದ ಸಂಬಂಧ ತಪ್ಪಿಹೋಗುತ್ತದೆ ಎನ್ನುವ ಭಯ.

ಹಾಗಾಗಿ ಇಲ್ಲಿ ಜನ ಹತ್ತಿರದ ಕೇಂದ್ರಕ್ಕೆ ಹೋಗುವುದಿಲ್ಲ, ದೂರದ್ದಕ್ಕೆ ಹೋಗುತ್ತಾರೆ. ಉಡುಪಿಯ ಅಜ್ಜರಕಾಡಿನಲ್ಲೇ ಜಿಲ್ಲಾಸ್ಪತ್ರೆ ಇದ್ದರೂ ಅಲ್ಲಿಯವರು ಮಂಗಳೂರಿಗೆ ಬರುತ್ತಾರೆ. ಮಂಗಳೂರಿನವರು ಉಡುಪಿಗೆ ಹೋಗುತ್ತಾರೆ. ಕಾಸರಗೋಡು, ಮಂಜೇಶ್ವರದವರು ರೈಲು ಹತ್ತಿ ಮಂಗಳೂರು ಸೆಂಟ್ರಲ್‌ನಲ್ಲಿ ಇಳಿಯುತ್ತಾರೆ, ವೆನ್‌ಲಾಕ್ ಆಸ್ಪತ್ರೆ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಆದರೆ ಆಸ್ಪತ್ರೆಗೆ, ಕಾಲೇಜಿಗೆ, ಬಟ್ಟೆ ಅಂಗಡಿಗೆ ಅವರ ಪೇಟೆ ಈಗಲೂ ಮಂಗಳೂರೇ. ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ರಾಷ್ಟ್ರೀಯ ಕಾರ್ಯಕ್ರಮದ್ದು, ಅದು ಗಡಿ ಕೇಳುವುದಿಲ್ಲ. ರಾಜ್ಯ ಸರ್ಕಾರದ ಸವಲತ್ತು ಮಾತ್ರ ರೇಷನ್ ಕಾರ್ಡ್ ಎಲ್ಲಿಯದು ಎಂದು ಕೇಳುತ್ತದೆ. 2020ರ ಮಾರ್ಚ್‌ನಲ್ಲಿ ಕೊರೋನಾ ಎಂದು ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಇದೆಲ್ಲ ಒಂದೇ ದಿನಕ್ಕೆ ನಿಂತುಹೋಯಿತು. ಮನೆಯಲ್ಲಿ ಹೇಳದೆ ಮಾತ್ರೆ ತೆಗೆದುಕೊಳ್ಳುವವರು ಈಗ ಯಾವ ನೆಪ ಹೇಳಿ ಹೊರಗೆ ಹೋಗಬೇಕು? ಹಲವು ತಿಂಗಳ ಮಾತ್ರೆ ಒಟ್ಟಿಗೆ ಕೊಡುವ ಪದ್ಧತಿ ಆ ಕಾಲದಲ್ಲಿ ಗಟ್ಟಿಯಾಯಿತು. ಅದೊಂದು ಒಳ್ಳೆಯದಾಯಿತು ಅನ್ನಿ.

ನಿಮ್ಮ ಕಡೆ ಅಷ್ಟಾಗಿ ಇಲ್ಲದ ಒಂದು ವಿಷಯ ಇಲ್ಲಿದೆ. ಅದು ಗಲ್ಫ್. ದುಬೈಗೋ ಸೌದಿಗೋ ಹೋಗುವವನಿಗೆ ‘ಮೆಡಿಕಲ್’ ಆಗಬೇಕು. ಅದರಲ್ಲಿ ಎಚ್‌ಐವಿ ಪರೀಕ್ಷೆಯೂ ಇದೆ. ಪಾಸಿಟಿವ್ ಬಂದರೆ ಕೆಲಸದ ವೀಸಾ ಇಲ್ಲ. ಅಲ್ಲಿಗೆ ಹೋದ ಮೇಲೆ ಗೊತ್ತಾದರೆ ವಾಪಸ್ ಕಳಿಸುತ್ತಾರೆ. ನಮ್ಮ 2017ರ ಎಚ್‌ಐವಿ ಕಾಯ್ದೆ ಪ್ರಕಾರ ಕೆಲಸ ಕೊಡಲು ಈ ಪರೀಕ್ಷೆಯನ್ನು ಷರತ್ತು ಮಾಡುವಂತಿಲ್ಲ, ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಬೇರೆ ದೇಶದ ವೀಸಾಕ್ಕೆ ಅದು ತಾಗುವುದಿಲ್ಲ. ಹುಡುಗನ ಕೈಗೆ ‘ಅನ್‌ಫಿಟ್’ ಎಂಬ ಚೀಟಿ ಬರುತ್ತದೆ. ಯಾಕೆ ಅನ್‌ಫಿಟ್ ಎಂದು ಕೂರಿಸಿ ಹೇಳುವವರು ಎಲ್ಲ ಕಡೆ ಇರುವುದಿಲ್ಲ. ಟಿಬಿಯ ಹಳೆ ಕಲೆ ಇದ್ದರೂ, ಕಾಮಾಲೆಯ ವೈರಸ್ ಇದ್ದರೂ ಅನ್‌ಫಿಟ್ ಆಗುತ್ತದೆ. ಹಾಗಾಗಿ ಮನೆಯವರಿಗೆ ಹೇಳಲು ನೆಪ ಸಿಗುತ್ತದೆ. ಆದರೆ ಅದೇ ನೆಪದಲ್ಲಿ ಅವನು ಚಿಕಿತ್ಸೆಯಿಂದಲೂ ತಪ್ಪಿಸಿಕೊಳ್ಳುತ್ತಾನೆ. ವೀಸಾಕ್ಕೆ ಮಾಡಿದ ಸಾಲ ತಲೆ ಮೇಲೆ ಕೂತಿರುತ್ತದೆ, ಇನ್ನೊಂದು ಏಜೆನ್ಸಿ ಹುಡುಕುತ್ತಾನೆ. ಇಂಥವನನ್ನು ಐಸಿಟಿಸಿಗೆ (ಎಚ್‌ಐವಿ ಪರೀಕ್ಷೆ, ಆಪ್ತಸಮಾಲೋಚನೆಯ ಸರ್ಕಾರಿ ಕೇಂದ್ರಕ್ಕೆ) ಕರೆತರುವುದು ಪೋಸ್ಟರ್‌ನಿಂದ ಆಗುವ ಕೆಲಸ ಅಲ್ಲ. ತಾನೂ ಹಿಂದೊಮ್ಮೆ ಅನ್‌ಫಿಟ್ ಆಗಿ, ಈಗ ಮಾತ್ರೆ ತೆಗೆದುಕೊಂಡು ಆರಾಮಾಗಿ ರಿಕ್ಷಾ ಓಡಿಸುತ್ತಿರುವ ಒಬ್ಬ ಅವನ ಜೊತೆ ಕೂತು ಚಹಾ ಕುಡಿಯಬೇಕು. ನಾನು ಪಾಸು ಮಾಡಿದ ಚಹಾದ ಬಿಲ್ಲುಗಳಲ್ಲಿ ಇಂಥವೇ ಜಾಸ್ತಿ. ಆಡಿಟರ್‌ಗೆ ಇದನ್ನು ವಿವರಿಸುವುದು ಬೇರೆಯೇ ಕಷ್ಟ ಬಿಡಿ.

ಇನ್ನು ಸಮುದ್ರ. ಮಂಗಳೂರಿನ ದಕ್ಕೆ ಎನ್ನುವ ಮೀನುಗಾರಿಕೆ ಬಂದರು, ಉಡುಪಿಯ ಮಲ್ಪೆ ಬಂದರಿನ ಬೋಟುಗಳಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರ, ತಮಿಳುನಾಡಿನವರು ದುಡಿಯುತ್ತಾರೆ. ನಿಮ್ಮ ಕಡೆಯ ಹುಡುಗರೂ ಇದ್ದಾರೆ. ಆಳಸಮುದ್ರಕ್ಕೆ ಹೋದ ಬೋಟು ಎಷ್ಟೋ ದಿನ ದಡ ಮುಟ್ಟುವುದಿಲ್ಲ. ಪೀರ್ ಕಾರ್ಯಕರ್ತರು, ಅಂದರೆ ಅದೇ ಗುಂಪಿನಿಂದ ಬಂದು ಜೊತೆಯವರಿಗೆ ತಿಳಿಹೇಳುವವರು, ಬೋಟು ಬರುವ ಹೊತ್ತು ನೋಡಿಕೊಂಡು, ಮೀನು ಇಳಿಸಿ ಮುಗಿದ ಮೇಲೆ ಮಾತಾಡಿಸಬೇಕು. ಮೊದಲೇ ಹೋದರೆ ಬೈಗುಳ ಗ್ಯಾರಂಟಿ. ಮಾತ್ರೆ ತೆಗೆದುಕೊಳ್ಳುವವನಿಗೆ ದೊಡ್ಡ ಚಿಂತೆ ಡಬ್ಬಿಯದ್ದು. ಎಲ್ಲರೂ ಒಂದೇ ಕಡೆ ಮಲಗುವ ಬೋಟಿನಲ್ಲಿ ಅದನ್ನು ಎಲ್ಲಿ ಇಡುವುದು? ಗ್ಯಾಸ್ಟ್ರಿಕ್ ಮಾತ್ರೆ ಎಂದು ಹೇಳುವವರಿದ್ದಾರೆ. ಈಗ ದಿನಕ್ಕೆ ಒಂದೇ ಮಾತ್ರೆ, ಮೂರು ಔಷಧಿ ಅದರಲ್ಲೇ ಸೇರಿರುತ್ತದೆ. 2004ರಲ್ಲಿ ಸರ್ಕಾರ ಉಚಿತ ಎಆರ್‌ಟಿ ಶುರು ಮಾಡಿದಾಗ ಹೊತ್ತು ಹೊತ್ತಿಗೆ ನುಂಗಬೇಕಿತ್ತು. ಆಗ ಬೋಟಿಗೆ ಹೋಗುವವನ ಗತಿ ಏನಾಗಿರಬಹುದು ಎಂದು ಯೋಚಿಸಿ.

ಲಾರಿಯವರ ನಡುವೆ ಎಚ್‌ಐವಿ ಕೆಲಸ ಮಾಡುವುದು ನಿಮಗೆ ಹೊಸದಲ್ಲ. ಪಣಂಬೂರು ಬಂದರು, ಬೈಕಂಪಾಡಿ ಸುತ್ತ ಹೆದ್ದಾರಿ 66ರಲ್ಲಿ ನಿಲ್ಲುವ ಲಾರಿಗಳೇ ಇಲ್ಲಿಯೂ. ಗಂಡಸರ ಜೊತೆ ಸಂಬಂಧ ಇರುವ ಗಂಡಸರು ಈಗ ಪಾರ್ಕಿನಲ್ಲಿ ಸಿಗುವುದು ಕಮ್ಮಿ, ಎಲ್ಲ ಮೊಬೈಲ್ ಆ್ಯಪ್‌ಗೆ ಹೋಗಿದೆ. ಪೀರ್‌ಗಳೂ ಅಲ್ಲಿಗೇ ಹೋಗಬೇಕು. ಮಂಗಳಮುಖಿಯರು ಮಾತ್ರ ಇಲ್ಲಿಯೂ ಧೈರ್ಯವಾಗಿ ಮುಂದೆ ಬಂದು ಮಾತಾಡುತ್ತಾರೆ. ಸಂಘ ಎಂದು ನೀವು ಹೇಳುವುದಕ್ಕೆ ಹತ್ತಿರದ್ದು ಅವರದ್ದೇ.

ಡ್ರಗ್ಸ್ ಚುಚ್ಚಿಕೊಳ್ಳುವವರಿಗೆ ಸೂಜಿ ಬದಲಿಸಿ ಕೊಡುವ ಕೇಂದ್ರ ಇದೆಯಾ ಎಂದೂ ಕೇಳಿದ್ದೀರಿ. ಆ ಕೆಲಸ ದೊಡ್ಡದಾಗಿ ನಡೆದಿರುವುದು ಮಣಿಪುರ, ನಾಗಾಲ್ಯಾಂಡ್, ಮಿಜೋರಾಂ, ಪಂಜಾಬಿನಂಥ ಕಡೆ. ಅಲ್ಲಿ ಹೊಸ ಸೂಜಿ ಕೊಡುತ್ತಾರೆ, ಹೆರಾಯಿನ್ ಬದಲಿಗೆ ನಾಲಿಗೆ ಅಡಿ ಇಡುವ ಬ್ಯೂಪ್ರೆನಾರ್ಫಿನ್ ಮಾತ್ರೆಯನ್ನು ಎದುರಿಗೇ ಕೊಡುತ್ತಾರೆ. ಮಂಗಳೂರಿನ ಪೇಪರಿನಲ್ಲಿ ಬರುವುದು ಹೆಚ್ಚಾಗಿ ಗಾಂಜಾ, ಎಂಡಿಎಂಎ ಎನ್ನುವ ಮಾದಕ. ಇದರಲ್ಲಿ ಸೂಜಿಯ ಮಾತು ಕಮ್ಮಿ. ಆದರೆ ಅಮಲಿನಲ್ಲಿ ಕಾಂಡೋಮ್ ಮರೆತುಹೋಗುತ್ತದೆ, ಅಪಾಯ ಇರುವುದು ಅಲ್ಲಿ. ಇಲ್ಲಿ ನನಗೊಂದು ತಕರಾರಿದೆ. ಕಾಲೇಜು ಜಾಸ್ತಿ ಇರುವ ಊರು ಇದು, ಡ್ರಗ್ಸ್ ವಿರುದ್ಧ ಜಾಥಾ ಎಷ್ಟು ಬೇಕಾದರೂ ಆಗುತ್ತದೆ. ಬ್ಯಾನರ್ ಹಿಡಿದು ನಡೆದ ಹುಡುಗನೇ ಚಟಕ್ಕೆ ಸಿಕ್ಕಿಬಿದ್ದರೆ ಯಾರ ಹತ್ತಿರ ಹೋಗಬೇಕು? ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯಲ್ಲೇ ರಕ್ಷಣೆ ಇದೆ, ಸಣ್ಣ ಪ್ರಮಾಣದ ಕೇಸಾದರೆ. ಜಾಥಾದಲ್ಲಿ ಇದನ್ನು ಯಾರಾದರೂ ಹೇಳಿದ್ದು ನಾನು ಕೇಳಿಲ್ಲ. ಎಚ್‌ಐವಿ ಕಾಯ್ದೆಯೂ ಅಷ್ಟೇ. ಲೈಂಗಿಕ ಕಾರ್ಯಕರ್ತೆಗೆ ಕಾಂಡೋಮ್ ಕೊಡುವುದು, ಚುಚ್ಚಿಕೊಳ್ಳುವವನಿಗೆ ಹೊಸ ಸೂಜಿ ಕೊಡುವುದು ಅಪರಾಧ ಅಲ್ಲ ಎಂದು ಉದಾಹರಣೆ ಸಮೇತ ಹೇಳುತ್ತದೆ. ನಿಮ್ಮ ಬ್ಯಾಗಿನಲ್ಲಿ ಆ ಪುಟದ ಜೆರಾಕ್ಸ್ ಇರಲಿ, ಬೀದಿಯಲ್ಲಿ ಪೊಲೀಸರು ಪೀರ್‌ನನ್ನು ನಿಲ್ಲಿಸಿದಾಗ ಬೇಕಾಗುತ್ತದೆ.

ಮಾತ್ರೆ ಸರಿಯಾಗಿ ತೆಗೆದುಕೊಂಡು ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ಪತ್ತೆಯಾಗದಷ್ಟು ಕೆಳಗಿಳಿದು ಹಾಗೆಯೇ ಉಳಿದರೆ ಸಂಗಾತಿಗೆ ಲೈಂಗಿಕವಾಗಿ ಹರಡುವುದಿಲ್ಲ. ಇಲ್ಲಿ ಜನರ ಮುಖ ಬದಲಾಗುವುದು ಈ ಒಂದು ಮಾತಿಗೆ. ಅದನ್ನು ಮೊದಲ ದಿನವೇ ಹೇಳಿ. ಆಸ್ಪತ್ರೆ ಕೆಲಸದಲ್ಲಿ ಕೈತಪ್ಪಿ ಸೂಜಿ ಚುಚ್ಚಿಕೊಂಡ ನರ್ಸಿಂಗ್ ಹುಡುಗಿಯರು ಗಾಬರಿಯಾಗಿ ಫೋನ್ ಮಾಡುತ್ತಾರೆ. 72 ಗಂಟೆಯ ಒಳಗೆ, ಆದಷ್ಟು ಬೇಗ ಶುರು ಮಾಡಿ 28 ದಿನ ತೆಗೆದುಕೊಳ್ಳುವ, ಸೋಂಕು ತಡೆಯುವ ಮಾತ್ರೆ ಇದೆ ಎಂದು ಅವರಿಗೂ ಹೇಳಬೇಕಾಗುತ್ತದೆ.

ಮತ್ತೆ, ಮನೆಯವರು ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸುತ್ತಾರೆ, ದೈವದ ದರ್ಶನದಲ್ಲಿ ಕೇಳುತ್ತಾರೆ. ಜಗಳ ಮಾಡಲು ಹೋಗಬೇಡಿ. ‘ಪ್ರಶ್ನೆ ಇಡಿ, ಹರಕೆ ಹೇಳಿ, ಮಾತ್ರೆ ಮಾತ್ರ ಬಿಡಬೇಡಿ’ ಎನ್ನುತ್ತಿದ್ದರು ನಮ್ಮಲ್ಲಿದ್ದ ಹಿರಿಯ ಆಪ್ತಸಮಾಲೋಚಕಿ. ಅವರ ಮಾತು ಕೇಳಿ ಮಾತ್ರೆ ಬಿಡದೆ ಉಳಿದವರು ಬಹಳ ಜನ.

ತುಳು ಬರುವುದಿಲ್ಲ ಎಂದು ಹೆದರಿದ್ದೀರಿ. ಕಲಿಯಿರಿ, ಒಳ್ಳೆಯದೇ. ಆದರೆ ಇಲ್ಲಿ ನಿಮಗೆ ಅತ್ತೆ ಮಾವ ಯಾರೂ ಇಲ್ಲ, ‘ಯಾವ ಮನೆ’ ಎಂದು ನೀವು ಕೇಳುವುದಿಲ್ಲ. ನಮ್ಮವರು ನಮ್ಮ ಹತ್ತಿರ ಹೇಳದ್ದನ್ನು ನಿಮ್ಮ ಹತ್ತಿರ ಹೇಳುತ್ತಾರೆ, ನೋಡಿ ಬೇಕಾದರೆ. ಕೇಂದ್ರಕ್ಕೆ ಬರಲಾರದವರಿಗೆ ಎಚ್‌ಐವಿ ಸಹಾಯವಾಣಿಯ 1097 ನಂಬರ್ ಕೊಡಿ, ಅದು ಉಚಿತ.

ನೀವು ಮೇ ತಿಂಗಳಲ್ಲಿ ಸೇರುವುದಾದರೆ ಮೊದಲು ಬಂದರಿಗೇ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್, ಹೊರರಾಜ್ಯದ ಹುಡುಗರು ಊರಿಗೆ ರೈಲು ಹತ್ತುತ್ತಾರೆ. ಯಾರಿಗೆ ಎಷ್ಟು ಮಾತ್ರೆ ಉಳಿದಿದೆ, ಯಾರಿಗೆ ಅವರ ಜಿಲ್ಲೆಯ ಎಆರ್‌ಟಿ ಕೇಂದ್ರಕ್ಕೆ ವರ್ಗಾವಣೆ ಚೀಟಿ ಬೇಕು ಎಂದು ಅದಕ್ಕೆ ಮೊದಲೇ ಪಟ್ಟಿ ಆಗಬೇಕು. ಕೊನೆಯ ವಾರ ಎಲ್ಲರೂ ಸಂಬಳದ ಲೆಕ್ಕದಲ್ಲಿರುತ್ತಾರೆ, ಆಗ ಯಾರೂ ಕೈಗೆ ಸಿಗುವುದಿಲ್ಲ.