ಜರ್ಮನಿಯ ಮ್ಯೂನ್‌ಸ್ಟರ್‌ಲ್ಯಾಂಡ್ ಸೀಮೆಯ ಹಳೆಯ ಕೋಟೆಮನೆಗಳು ನೀರಿನ ನಡುವೆ ಇರುವುದೇಕೆ?

ಕೋಟೆ ಕಟ್ಟಲು ಅಲ್ಲಿ ಗುಡ್ಡಗಳಿರಲಿಲ್ಲ, ಅದಕ್ಕೆ. ರೈನ್ ನದಿಯ ಇಕ್ಕೆಲದ ಸರದಾರರಿಗೆ ಬಂಡೆಗಳ ನೆತ್ತಿ ಸಿಕ್ಕಿತು. ವಾಯವ್ಯದ ಮ್ಯೂನ್‌ಸ್ಟರ್‌ಲ್ಯಾಂಡ್ ಹೆಚ್ಚುಕಮ್ಮಿ ಬಯಲು. ಆದರೆ ಅಂತರ್ಜಲ ಮೇಲೆಯೇ ಇದೆ, ತೊರೆಗಳೂ ಬೇಕಾದಷ್ಟು. ಮನೆಯ ಸುತ್ತ ಕಂದಕ ತೋಡಿ, ಪಕ್ಕದ ತೊರೆಯನ್ನು ಅತ್ತ ತಿರುಗಿಸಿದರೆ ಕಾವಲು ಸಿದ್ಧ.

ಮೆತ್ತನೆಯ ನೆಲದಲ್ಲಿ ಗೋಡೆ ಕುಸಿಯದಿರಲು ಓಕ್ ಮರದ ಗೂಟಗಳನ್ನು ಒತ್ತೊತ್ತಾಗಿ ಬಡಿದು, ಅವುಗಳ ಮೇಲೆ ಪಾಯ ಹಾಕುತ್ತಿದ್ದರು. ನೀರಿನಡಿ ಗಾಳಿ ತಾಗದ್ದರಿಂದ ಆ ಮರ ಶತಮಾನಗಟ್ಟಲೆ ಬಾಳುತ್ತದೆ. ನೀರು ಇಳಿದರೆ ಕೊಳೆಯತೊಡಗುತ್ತದೆ. ಹಾಗಾಗಿ ಮುತ್ತಿಗೆಯ ಭಯ ಹೋದ ಮೇಲೂ ಕಂದಕ ಮುಚ್ಚುವುದು ಜಾಣತನವಲ್ಲ.

ನೋಡಲು ಹೋಗುವುದಾದರೆ ಮೊದಲು ಲ್ಯೂಡಿಂಗ್‌ಹೌಸನ್ ಊರಿನ ಫಿಷರಿಂಗ್ ಕೋಟೆ. 1271ರಲ್ಲಿ ಶುರುವಾದದ್ದು, ಈಗ ಮ್ಯೂಸಿಯಂ. ದುಂಡಗೆ ಬಾಗಿದ ಹೊರಗೋಡೆ ನೇರ ನೀರಿನಿಂದಲೇ ಮೇಲೇಳುತ್ತದೆ; ಸೇತುವೆ ದಾಟದೆ ಒಳಗೆ ದಾರಿಯಿಲ್ಲ. ಹತ್ತಿರದ ನಾರ್ಡ್‌ಕಿರ್ಖನ್ ಅರಮನೆ ಎಷ್ಟೋ ದೊಡ್ಡದು, ಆದರೆ 18ನೇ ಶತಮಾನದ್ದು. ಅಷ್ಟೊತ್ತಿಗೆ ಕಂದಕವೆಂದರೆ ಬಹುಪಾಲು ಶೋಕಿ. ಅಲ್ಲೀಗ ತೆರಿಗೆ ಅಧಿಕಾರಿಗಳಿಗೆ ಪಾಠ ನಡೆಯುತ್ತದೆ! ಹಲವು ಕೋಟೆಮನೆಗಳು ಇಂದಿಗೂ ಖಾಸಗಿ, ಹೊರಗಿನಿಂದಷ್ಟೇ ನೋಡಬಹುದು. ಸೈಕಲ್ ಬಾಡಿಗೆಗೆ ತೆಗೆದುಕೊಳ್ಳಿ, ಕೋಟೆಯಿಂದ ಕೋಟೆಗೆ ಗುರುತು ಹಾಕಿದ ಸೈಕಲ್ ದಾರಿಯೇ ಇದೆ.