ಗ್ಯಾರೆಟ್ ಮಾಡೆಲ್: ದುಡ್ಡು ಚಕ್ರಕ್ಕೆ ಹಾಕಿ, ಮೈ ಕೈಯಲ್ಲೇ ಕಟ್ಟಿ

ಪ್ರಶ್ನೆ: ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂನಲ್ಲಿ ಬೆಂಗಾಲ್ ನಾಗ್ಪುರ್ ರೈಲ್ವೆಯ ಎನ್ ಕ್ಲಾಸ್ ಗ್ಯಾರೆಟ್ (ಎರಡು ಇಂಜಿನ್ ಘಟಕಗಳ ನಡುವೆ ಬಾಯ್ಲರ್ ಇರುವ ಹಬೆ ಇಂಜಿನ್), ನಂಬರ್ 815, ನೋಡಿ ಬಂದೆ. ಅದರ ಓಡುವ ಮಾಡೆಲ್ ಎಚ್‌ಒ ಸ್ಕೇಲ್‌ನಲ್ಲಿ, ಅಂದರೆ ಅಸಲಿಯ 87ರಲ್ಲಿ ಒಂದು ಪಾಲಿನ ಅಳತೆಯಲ್ಲಿ, ಬೇಕು. ಹಿತ್ತಾಳೆಯಲ್ಲಿ ಮಾಡಿಸುವಷ್ಟು ಶಕ್ತಿ ನನಗಿಲ್ಲ. ಪೂರ್ತಿ 3ಡಿ ಪ್ರಿಂಟ್ ಮಾಡಿಸಿದರೆ ಅಗ್ಗವಾಗುತ್ತದಾ? ಹಳೇ ಮಾಡೆಲ್‌ಗಳನ್ನು ಬಿಚ್ಚಿ ರಿಪೇರಿ ಮಾಡಿ ಅಭ್ಯಾಸವಿದೆ.

ಉತ್ತರ: ನೀವು ಆರಿಸಿಕೊಂಡ ಇಂಜಿನ್ ಕೇಳಿಯೇ ಖುಷಿಯಾಯಿತು. ಮ್ಯಾಂಚೆಸ್ಟರ್‌ನ ಬೇಯರ್ ಪೀಕಾಕ್ ಕಂಪನಿ ಇಂಥವು 16 ಮಾತ್ರ ಕಟ್ಟಿತು. ತೂಕ 234 ಟನ್. ರಿಪೇರಿ ಅಭ್ಯಾಸ ಇರುವವರಿಗೆ ಇದು ಖಂಡಿತ ಆಗುವ ಕೆಲಸ.

ಆದರೆ ಪೂರ್ತಿ ಪ್ರಿಂಟ್ ಬೇಡ. ಪ್ರಿಂಟ್ ಮಾಡಿದ ಮೈ ಚೆನ್ನಾಗಿ ಕಾಣುತ್ತದೆ, ಪ್ರಿಂಟ್ ಮಾಡಿದ ಚಾಸಿ (ಚಕ್ರ ಕೂರುವ ಕೆಳಚೌಕಟ್ಟು) ಮತ್ತು ಚಕ್ರ ತಿರುಗಿಸುವ ರಾಡ್‌ಗಳು ಚೆನ್ನಾಗಿ ಓಡುವುದಿಲ್ಲ. ಓಡದ ಇಂಜಿನ್ ಎಷ್ಟೇ ಅಂದವಾಗಿದ್ದರೂ ಒಂದು ವಾರದಲ್ಲಿ ಕಪಾಟು ಸೇರುತ್ತದೆ. ನಿಮ್ಮ ಬಜೆಟ್‌ನ ದೊಡ್ಡ ಪಾಲು ಒಂದೇ ಬಗೆಯ ಎರಡು ಸೆಕೆಂಡ್‌ಹ್ಯಾಂಡ್ ಇಂಜಿನ್‌ಗಳಿಗೆ ಹೋಗಲಿ. ಮೈ ಮುರಿದಿದ್ದರೆ ಇನ್ನೂ ಒಳ್ಳೆಯದು, ಬೆಲೆ ಇಳಿದಿರುತ್ತದೆ. ನಮಗೆ ಬೇಕಿರುವುದು ಕೆಳಗಿನ ಭಾಗ ಮಾತ್ರ.

ಎಂಥ ಇಂಜಿನ್ ಹುಡುಕಬೇಕು? ಎನ್ ಕ್ಲಾಸ್‌ನ ಚಕ್ರ ಜೋಡಣೆ 4-8-0+0-8-4. ಅಂದರೆ ನಾಲ್ಕು ಜೋಡಿ ಓಡಿಸುವ ಚಕ್ರಗಳಿರುವ ಎರಡು ಘಟಕ ಬೇಕು. ಅಸಲಿ ಚಕ್ರದ ವ್ಯಾಸ 4 ಅಡಿ 8 ಇಂಚು. 87ರಿಂದ ಭಾಗಿಸಿದರೆ ಸುಮಾರು 16.3 ಮಿ.ಮೀ. ಜರ್ಮನಿಯ ಬಿಆರ್ 55 ಇಂಜಿನ್‌ಗಳಲ್ಲಿ ಪ್ರಷ್ಯದ ಜಿ 8.1 ಮಾದರಿ ಇದಕ್ಕೆ ಹತ್ತಿರ ಬರುತ್ತದೆ. ಅದರ ಚಕ್ರ 1350 ಮಿ.ಮೀ., ಮಾಡೆಲ್‌ನಲ್ಲಿ 15.5. ಈ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಮಾಡೆಲ್ ಚಕ್ರದ ಅಂಚು ಅಸಲಿಗಿಂತ ದಪ್ಪ ಇರುವುದರಿಂದ ಚಕ್ರ ಸ್ವಲ್ಪ ಚಿಕ್ಕದಿದ್ದರೆ ಅನುಕೂಲವೇ. ಕೊಳ್ಳುವ ಮುಂಚೆ ಒಂದು ವಿಷಯ ಕೇಳಿ: ಮೋಟರ್ ಎಲ್ಲಿದೆ? ಯುರೋಪಿನ ಎಷ್ಟೋ ಹಳೇ ಮಾಡೆಲ್‌ಗಳಲ್ಲಿ ಅದು ಹಿಂದಿನ ಟೆಂಡರ್‌ನಲ್ಲಿ (ಕಲ್ಲಿದ್ದಲು, ನೀರಿನ ಗಾಡಿ) ಇರುತ್ತದೆ, ಇಂಜಿನ್ ಸುಮ್ನೆ ಉರುಳುತ್ತದೆ. ಅಂಥದ್ದು ನಿಮಗೆ ಉಪಯೋಗವಿಲ್ಲ.

ಇನ್ನು ಗ್ಯಾರೆಟ್ ಹೇಗೆ ನಿಲ್ಲುತ್ತದೆ ಅನ್ನುವುದು. ಈ ಕೆಲಸದ ಜೀವ ಇರುವುದೇ ಇಲ್ಲಿ. ಹರ್ಬರ್ಟ್ ವಿಲಿಯಂ ಗ್ಯಾರೆಟ್ 1907ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಈ ವಿನ್ಯಾಸದಲ್ಲಿ ಬಾಯ್ಲರ್ ಕೆಳಗೆ ಚಕ್ರವೇ ಇಲ್ಲ. ಎರಡು ಇಂಜಿನ್ ಘಟಕಗಳ ನಡುವೆ ಅದು ತೊಟ್ಟಿಲಿನಂತೆ ತೂಗುತ್ತದೆ, ಒಂದೊಂದು ತುದಿಯಲ್ಲಿ ಒಂದೊಂದು ಪಿವಟ್, ಅಂದರೆ ತಿರುಗುವ ಕೀಲು. ಹಾಗಾಗಿ ಮಾಡೆಲ್ ಮಾಡುವವರಿಗೆ ಎರಡು ಘಟಕಗಳ ಇನ್ನೊಂದು ಬಗೆಯ ಇಂಜಿನ್ ಆದ ಮ್ಯಾಲೆಟ್‌ಗಿಂತ ಗ್ಯಾರೆಟ್ ಸುಲಭ. ಮ್ಯಾಲೆಟ್‌ನಲ್ಲಿ ಹಿಂದಿನ ಘಟಕ ಬಿಗಿ, ಮುಂದಿನದು ಮಾತ್ರ ಬಾಯ್ಲರ್ ಅಡಿಯಲ್ಲಿ ಹೊರಳಬೇಕು. ಇಲ್ಲಿ ಎರಡೂ ಸ್ವತಂತ್ರ, ಮೋಟರ್ ಮುಚ್ಚಿಡಲು ಮೇಲೆ ದೊಡ್ಡ ಟ್ಯಾಂಕ್‌ಗಳೂ ಇವೆ.

ಪಿವಟ್ ಎರಡನ್ನೂ ಒಂದೇ ಥರ ಮಾಡಬೇಡಿ. ನನ್ನ ಮೊದಲ ಗ್ಯಾರೆಟ್‌ನಲ್ಲಿ ಎರಡಕ್ಕೂ ಅಗಲವಾದ ವಾಷರ್ ಹಾಕಿದ್ದೆ. ಹಳಿ ಸ್ವಲ್ಪ ಓರೆಯಾದ ಕಡೆಯೆಲ್ಲ ಒಂದು ಚಕ್ರ ಮೇಲೆದ್ದು ಇಂಜಿನ್ ಹಳಿ ತಪ್ಪುತ್ತಿತ್ತು. ಕಾರಣ ಗೊತ್ತಾಗಲು ತಿಂಗಳುಗಳೇ ಬೇಕಾದವು. ಮೂರು ಕಾಲಿನ ಸ್ಟೂಲ್ ಎಂಥ ನೆಲದಲ್ಲೂ ಅಲುಗದೆ ಕೂರುತ್ತದೆ ಅಲ್ವಾ? ಅದೇ ಲೆಕ್ಕ ಇಲ್ಲೂ. ಒಂದು ಪಿವಟ್ ಅಗಲವಾಗಿದ್ದು ಬಾಯ್ಲರ್ ಪಕ್ಕಕ್ಕೆ ವಾಲದಂತೆ ಹಿಡಿಯಲಿ. ಇನ್ನೊಂದು ದುಂಡು ತಲೆಯ ಸ್ಕ್ರೂ ಮೇಲೆ ಒಂದೇ ಬಿಂದುವಿನಲ್ಲಿ ಕೂತು ಎಲ್ಲ ಕಡೆಗೂ ಅಲ್ಲಾಡಲಿ.

ಬಾಯ್ಲರ್ ಭಾರ ಬೀಳುವುದು ಘಟಕಗಳ ಒಳತುದಿಗೆ. ಅದಕ್ಕೆ ಸರಿದೂಗಲು ನೀರಿನ ಟ್ಯಾಂಕ್ ಮತ್ತು ಕಲ್ಲಿದ್ದಲಿನ ಬಂಕರ್ ಒಳಗೆ, ಹೊರತುದಿಯ ಕಡೆ, ಸೀಸ ತುಂಬಿ. ತೂಕದ ನಡು ನಾಲ್ಕು ಜೋಡಿ ಚಕ್ರಗಳ ಮಧ್ಯಕ್ಕೆ ಬರಬೇಕು. ಅಸಲಿ ಗ್ಯಾರೆಟ್‌ನಲ್ಲಿ ನೀರು, ಕಲ್ಲಿದ್ದಲು ಖಾಲಿಯಾದಂತೆ ಚಕ್ರದ ಹಿಡಿತ ಕಡಿಮೆಯಾಗುತ್ತಿತ್ತು. ನಿಮಗೆ ಆ ತೊಂದರೆ ಇಲ್ಲ.

ಎರಡು ಮೋಟರ್‌ಗಳ ಹೊಂದಾಣಿಕೆ ಸುಲಭ. ಚಾಸಿಗಳನ್ನು ಒಂದೇ ಹಳಿಯಲ್ಲಿ ಒಂದಡಿ ಅಂತರದಲ್ಲಿ ಓಡಿಸಿ. ಬೇಗ ಒಂದನ್ನೊಂದು ಮುಟ್ಟದಿದ್ದರೆ ಸಾಕು. ಹಳಿಯ ಕರೆಂಟ್ ನೇರ ಮೋಟರ್‌ಗೆ ಹೋಗುವ ಸಾದಾ ಡಿಸಿಯಲ್ಲಿ ಚಾಸಿಯನ್ನು ಹಿಂದುಮುಂದು ತಿರುಗಿಸಿ ಇಟ್ಟರೂ ಅದು ಹಳಿಯ ಮೇಲೆ ಅದೇ ದಿಕ್ಕಿಗೆ ಹೋಗುತ್ತದೆ, ವೈರ್ ಬದಲಿಸಬೇಕಿಲ್ಲ. ಒಂದೇ ಡಿಸಿಸಿ ಡಿಕೋಡರ್‌ನಿಂದ (ಹಳಿಯಲ್ಲಿ ಬರುವ ಡಿಜಿಟಲ್ ಸಂಕೇತ ಓದಿ ಮೋಟರ್ ನಡೆಸುವ ಚಿಪ್) ಎರಡನ್ನೂ ಓಡಿಸುವುದಾದರೆ ಮಾತ್ರ ಒಂದು ಮೋಟರ್‌ನ ಎರಡು ವೈರ್ ಅದಲುಬದಲು ಮಾಡಬೇಕು. ಇಲ್ಲದಿದ್ದರೆ ಎರಡೂ ಒಂದಕ್ಕೊಂದು ವಿರುದ್ಧ ಎಳೆದಾಡುತ್ತವೆ. ಎರಡು ಮೋಟರ್‌ಗಳ ಕರೆಂಟ್ ಕೂಡಿಸಿದರೂ ತಾಳುವ ಡಿಕೋಡರ್ ತೆಗೆದುಕೊಳ್ಳಿ. ಘಟಕಗಳ ನಡುವಿನ ವೈರ್ ಮೃದುವಾದ ಸಿಲಿಕಾನ್ ಹೊದಿಕೆಯದ್ದೇ ಇರಲಿ. ಗಟ್ಟಿ ವೈರ್ ಸ್ಪ್ರಿಂಗ್‌ನಂತೆ ತಳ್ಳಿ ಘಟಕವನ್ನು ತಿರುವಿನಲ್ಲಿ ಹಳಿಯಿಂದ ಎತ್ತಿಬಿಡುತ್ತದೆ.

ಸಿಲಿಂಡರ್‌ಗಳು ಎರಡೂ ಕಡೆ ಹೊರತುದಿಯಲ್ಲಿ ಬರಬೇಕು. ಅವುಗಳ ಅಡಿಯಲ್ಲಿ ನಾಲ್ಕು ಚಕ್ರದ ಬೋಗಿ, ಅಂದರೆ ಓಡಿಸದ ಸಣ್ಣ ಚಕ್ರಗಳ ಚೌಕಟ್ಟು. ಬೋಗಿಗೆ ಭಾರ ಕೊಡಬೇಡಿ, ಸಣ್ಣ ಸ್ಪ್ರಿಂಗ್ ಮೇಲೆ ತೇಲುತ್ತಿರಲಿ. ಸಿಲಿಂಡರ್‌ಗಳನ್ನು ಮುಂದಕ್ಕೆ ಸರಿಸಬೇಕಾಗಿ ಬಂದರೆ ರಾಡ್ ಉದ್ದ ಮಾಡುವ ಕೆಲಸವೂ ಸೇರಿಕೊಳ್ಳುತ್ತದೆ. ಈ ಇಡೀ ಕೆಲಸದಲ್ಲಿ ತಾಳ್ಮೆ ಬೇಡುವ ಜಾಗ ಇದೇ.

ಮೈ ವಿಷಯಕ್ಕೆ ಬಂದರೆ, ಟ್ಯಾಂಕ್, ಬಂಕರ್, ಕ್ಯಾಬ್ ಹೆಚ್ಚಾಗಿ ಚಪ್ಪಟೆ ಹಾಳೆಗಳೇ. 1 ಮಿ.ಮೀ. ಪ್ಲಾಸ್ಟಿಕ್ ಶೀಟ್‌ನಲ್ಲಿ ಕತ್ತರಿಸಿ ಅಂಟಿಸಿ. ಬಾಯ್ಲರ್‌ಗೆ ಅಳತೆಗೆ ಸರಿಹೊಂದುವ ಪೈಪ್ ಸಾಕು. ಚಿಮಣಿ, ಡೋಮ್, ಸ್ಮೋಕ್‌ಬಾಕ್ಸ್ ಬಾಗಿಲು ಇವನ್ನು ಮಾತ್ರ ರೆಸಿನ್ ಪ್ರಿಂಟ್ ಮಾಡಿಸಿ. ಪ್ರಿಂಟ್ ಖರ್ಚು ಬಹಳ ಇಳಿಯುತ್ತದೆ. ಅಳತೆಗೆ 815 ಅಲ್ಲೇ ನಿಂತಿದೆಯಲ್ಲ! ಅನುಮತಿ ಕೇಳಿ, ಗುರುತು ಹಾಕಿದ ಕೋಲು ಪಕ್ಕದಲ್ಲಿಟ್ಟು ನೇರ ಎದುರಿನಿಂದ ಫೋಟೋ ತೆಗೆಯಿರಿ.

ಶೀಟ್ ಕತ್ತರಿಸುವ ಮೊದಲು ರಟ್ಟಿನಲ್ಲಿ ಮೈ ಮಾಡಿ ಚಾಸಿಗಳ ಮೇಲೆ ಕೂರಿಸಿ, ನಿಮ್ಮ ಅತಿ ಬಿಗಿಯಾದ ತಿರುವಿನಲ್ಲಿ ಕೈಯಿಂದ ತಳ್ಳಿ ನೋಡಿ. ಟ್ಯಾಂಕ್ ಮೂಲೆ ಬಾಯ್ಲರ್‌ಗೆ ತಾಗುತ್ತದಾ ಅನ್ನುವುದು ಅಲ್ಲೇ ತಿಳಿಯುತ್ತದೆ.

ಅದೇ ಓದುಗರ ಇನ್ನೊಂದು ಪ್ರಶ್ನೆ: ನಮ್ಮ ಬ್ರಾಡ್ ಗೇಜ್ ಅಗಲ. ಎಚ್‌ಒ ಹಳಿ 16.5 ಮಿ.ಮೀ. ಮಾತ್ರ. ಇದು ತಪ್ಪಾಗಿ ಕಾಣುವುದಿಲ್ಲವೇ?

ಉತ್ತರ: ಲೆಕ್ಕ ಸರಿಯಾಗಿದೆ. 1676 ಮಿ.ಮೀ. ಗೇಜ್‌ಗೆ 19 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಬೇಕು. ಆದರೆ ಆ ಅಳತೆಗೆ ಹೋದರೆ ಹಳಿ, ಪಾಯಿಂಟ್ (ಹಳಿ ಕವಲೊಡೆಯುವ ಜಾಗ), ಆಕ್ಸಲ್ ಎಲ್ಲವನ್ನೂ ನೀವೇ ಮಾಡಬೇಕು. ನಿಮ್ಮ ಬಜೆಟ್‌ಗೆ 16.5ರಲ್ಲೇ ಇರಿ. ಎದುರಿನಿಂದ ನೋಡಿದಾಗ ವ್ಯತ್ಯಾಸ ಕಾಣುತ್ತದೆ, ಪಕ್ಕದಿಂದ ಕಾಣುವುದಿಲ್ಲ. ಮೈ ಅಗಲವನ್ನು ಮಾತ್ರ ಹಳಿಗೆ ತಕ್ಕಂತೆ ಕುಗ್ಗಿಸಬೇಡಿ. ಎನ್ ಕ್ಲಾಸ್‌ನ ಗತ್ತು ಆ ಅಗಲದಲ್ಲೇ ಇದೆ.