849 ರೂಪಾಯಿಯ ಗಮ್ ಬೂಟಿಗೆ 915 ರೂಪಾಯಿ ಕಟ್ಟಿದ್ದೇನೆ. ನಾನು ಆರಿಸದ ಶುಲ್ಕಗಳು ಬಿಲ್ಲಿಗೆ ಸೇರಿದ್ದು ಸರಿಯೇ? ಆ ಹಣ ವಾಪಸ್ ಬರುತ್ತದೆಯೇ?

ನೀವು ಕೊಟ್ಟಿರುವ ಲೆಕ್ಕದ ಪ್ರಕಾರ ಮಳೆಗಾಲಕ್ಕೆಂದು ತರಿಸಿದ ಗಮ್ ಬೂಟಿನ ಬೆಲೆ 849 ರೂಪಾಯಿ. ಅದರ ಮೇಲೆ ‘ಹಾನಿ ರಕ್ಷಣೆ’ ಎಂದು 49, ‘ದೇಣಿಗೆ’ ಎಂದು 10, ‘ಪ್ಲಾಟ್‌ಫಾರ್ಮ್ ಶುಲ್ಕ’ ಎಂದು 7 ಸೇರಿ ಒಟ್ಟು 915 ಆಗಿದೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆ 49 ಮತ್ತು 10 ನಿಮ್ಮ ಒಪ್ಪಿಗೆಯಿಲ್ಲದೆ ಸೇರಿದ್ದರೆ ಅದು ನಿಯಮಕ್ಕೆ ವಿರುದ್ಧ, ವಾಪಸ್ ಕೇಳುವ ಹಕ್ಕು ನಿಮಗಿದೆ, ಬಿಡದೆ ಕೇಳಿದರೆ ಬರುವ ಸಾಧ್ಯತೆಯೂ ಚೆನ್ನಾಗಿಯೇ ಇದೆ. 7 ರೂಪಾಯಿಯ ವಿಚಾರ ಸ್ವಲ್ಪ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಕೊಡಗಿನ ಗೋಣಿಕೊಪ್ಪಲಿನಲ್ಲಿ ಒಂದು ಸಣ್ಣ ಝೆರಾಕ್ಸ್ ಅಂಗಡಿ ನಡೆಸುತ್ತೇನೆ. ಪಹಣಿ ತೆಗೆಸಲು, ಅರ್ಜಿ ತುಂಬಿಸಲು ಬರುವವರ ಜೊತೆಗೆ ಬಸ್ ಟಿಕೆಟ್ ಮಾಡಿಸಲು, ತೋಟಕ್ಕೆ ಬೇಕಾದ ಸಾಮಾನನ್ನು ಆನ್‌ಲೈನಿನಲ್ಲಿ ತರಿಸಲು ಬರುವವರೂ ಇದ್ದಾರೆ. ನನ್ನ ಖಾತೆಯಿಂದ ಹಣ ಕಟ್ಟಿ ಅವರಿಂದ ನಗದು ತೆಗೆದುಕೊಳ್ಳುವುದರಿಂದ ಬಿಲ್ಲಿನಲ್ಲಿ ಹೆಚ್ಚಾದ ಪ್ರತಿ ರೂಪಾಯಿಗೂ ನಾನೇ ಉತ್ತರ ಹೇಳಬೇಕಾಗುತ್ತದೆ. ಸ್ವಂತಕ್ಕೆ ಕೊಳ್ಳುವವರು ಒಟ್ಟು ಮೊತ್ತವನ್ನು ಒಮ್ಮೆ ನೋಡಿ ಪಿನ್ ಒತ್ತಿಬಿಡುತ್ತಾರೆ. ನನಗೆ ಆ ಸೌಕರ್ಯವಿಲ್ಲ.

ನನಗೆ ಈ ಪಾಠ ಕಲಿಸಿದವರು ಸಿದ್ದಾಪುರದ ಕಡೆಯ ಒಂದು ತೋಟದ ಲೆಕ್ಕ ಬರೆಯುವ ರೈಟರ್. ಹುತ್ತರಿ ಹಬ್ಬ ಮುಗಿದ ವಾರ ಬೆಂಗಳೂರಿಗೆ ನಾಲ್ಕು ಸೀಟು ಬೇಕೆಂದು ಬಂದಿದ್ದರು. ಸೀಟಿಗೆ 780 ರೂಪಾಯಿ ಎಂದು ಹೇಳಿದೆ, ಅವರು ಒಪ್ಪಿದರು, ನಾನು ಹಣ ಕಟ್ಟಿ 3,205 ಕೇಳಿದೆ. ಅವರು ಜೇಬಿನಿಂದ ಒಂದು ಚೀಟಿ ತೆಗೆದು ಅದರ ಹಿಂಬದಿಯಲ್ಲಿ ಗುಣಿಸಿ, “ಅಕ್ಕಾ, ನಾಲ್ಕು ಸಲ ಏಳುನೂರ ಎಂಬತ್ತು ಅಂದರೆ ಮೂರು ಸಾವಿರದ ನೂರ ಇಪ್ಪತ್ತು. ಮೇಲಿನ ಎಂಬತ್ತೈದು ಯಾರದು?” ಎಂದರು. ನನ್ನ ಕಮಿಷನ್ ಗೋಡೆಯ ಮೇಲಿನ ಬೋರ್ಡಿನಲ್ಲೇ ಬರೆದಿದೆ, ಅದನ್ನು ಬೇರೆಯಾಗಿ ತೆಗೆದುಕೊಳ್ಳುತ್ತೇನೆ. ಆದರೂ ಅವರ ಕಣ್ಣಿನಲ್ಲಿ ನಾನೇ ಕದ್ದಂತಾಗಿತ್ತು. ಪರದೆಯಲ್ಲಿ ಒಟ್ಟು ಮೊತ್ತದ ಪಕ್ಕದ ಸಣ್ಣ ಬಾಣದ ಗುರುತನ್ನು ಒತ್ತಿ ನೋಡಿದಾಗ ಮಡಿಚಿಟ್ಟಿದ್ದ ವಿವರ ಬಿಚ್ಚಿಕೊಂಡಿತು: ತಲೆಗೆ 20 ರೂಪಾಯಿಯಂತೆ ನಾಲ್ಕು ಜನರಿಗೆ ಪ್ರಯಾಣ ವಿಮೆ 80, ದೇಣಿಗೆ 5. ಎರಡರ ಮುಂದೆಯೂ ಟಿಕ್ ಗುರುತು ಮೊದಲೇ ಬಿದ್ದಿತ್ತು. ಆ ದಿನ 85 ರೂಪಾಯಿಯನ್ನು ನಾನೇ ಹೊತ್ತುಕೊಂಡೆ.

ಈಗ ನಿಯಮದ ಮಾತು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಇ-ಕಾಮರ್ಸ್ ವ್ಯಾಪಾರಕ್ಕೆಂದೇ 2020ರ ಜುಲೈನಲ್ಲಿ ನಿಯಮಗಳು ಬಂದಿವೆ. ಅವುಗಳ 4ನೇ ನಿಯಮದಲ್ಲಿ, ಗ್ರಾಹಕನ ಒಪ್ಪಿಗೆಯನ್ನು ಆತನ ಸ್ಪಷ್ಟವಾದ ಕ್ರಿಯೆಯ ಮೂಲಕವೇ ಪಡೆಯಬೇಕು, ಮೊದಲೇ ಟಿಕ್ ಮಾಡಿಟ್ಟ ಚೌಕಗಳೂ ಸೇರಿದಂತೆ ಯಾವ ರೀತಿಯಲ್ಲೂ ಅದನ್ನು ತಾನಾಗಿ ದಾಖಲಿಸಿಕೊಳ್ಳಬಾರದು ಎಂದಿದೆ. ಅಂದರೆ ಟಿಕ್ ಹಾಕುವ ಕೆಲಸ ನಿಮ್ಮದು. ಅಂಗಡಿಯವನು ಹಾಕಿಟ್ಟು, ಬೇಡವಾದರೆ ನೀವು ತೆಗೆಯಬಹುದಿತ್ತಲ್ಲ ಎಂದು ವಾದಿಸುವಂತಿಲ್ಲ. ಇದಕ್ಕಿಂತ ಇನ್ನೂ ನೇರವಾದದ್ದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ. ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ಪರದೆ ವಿನ್ಯಾಸಗಳನ್ನು ಅದು ಹೆಸರಿಸಿದೆ. ಅವುಗಳಲ್ಲಿ ‘ಬ್ಯಾಸ್ಕೆಟ್ ಸ್ನೀಕಿಂಗ್’ ಎಂಬುದು ನಿಮ್ಮ ಪ್ರಕರಣವೇ: ಹಣ ಕಟ್ಟುವ ಹಂತದಲ್ಲಿ ಒಪ್ಪಿಗೆಯಿಲ್ಲದೆ ಬೇರೆ ವಸ್ತುವನ್ನೋ ಸೇವೆಯನ್ನೋ ದಾನವನ್ನೋ ಸೇರಿಸಿ, ನೀವು ಆರಿಸಿದ ವಸ್ತುವಿಗೆ ಕೊಡಬೇಕಾದುದಕ್ಕಿಂತ ಮೊತ್ತವನ್ನು ಹೆಚ್ಚಿಸುವುದು. ವಿಮಾನದ ಟಿಕೆಟ್ ಕೊಳ್ಳುವಾಗ ಪ್ರಯಾಣ ವಿಮೆ ತಾನಾಗಿ ಸೇರುವುದನ್ನು ಮಾರ್ಗಸೂಚಿ ಉದಾಹರಣೆಯಾಗಿಯೇ ಕೊಟ್ಟಿದೆ. ಆದರೆ ಉಚಿತವಾಗಿ ಕೊಡುವ ಮಾದರಿ ವಸ್ತುಗಳು, ಹಾಗೆಯೇ ಕೊಳ್ಳುವಾಗಲೇ ತಿಳಿಸಿದ ಡೆಲಿವರಿ ವೆಚ್ಚ ಮತ್ತು ಸರ್ಕಾರದ ತೆರಿಗೆಯಂಥ ಅಗತ್ಯ ಶುಲ್ಕಗಳು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ.

ನಮ್ಮ ಸಂತೆಗಳಲ್ಲಿ ತೂಗಿದ ಮೇಲೆ ಒಂದು ಹಿಡಿ ಕೊಸರು ಹಾಕುವ ರೂಢಿಯಿದೆ, ಕೇಳದೆಯೇ ಹಾಕುತ್ತಾರೆ, ಅದಕ್ಕೆ ದುಡ್ಡಿಲ್ಲ. ಇಲ್ಲಿಯೂ ಕೇಳದೆಯೇ ಹಾಕುತ್ತಾರೆ, ಆದರೆ ದುಡ್ಡು ಹಿಡಿದುಕೊಳ್ಳುತ್ತಾರೆ. ಸಂತೆಯಲ್ಲಿ ಒಬ್ಬ ವ್ಯಾಪಾರಿ ನೀವು ಕೇಳದ ಒಂದು ಕಟ್ಟು ಕೊತ್ತಂಬರಿಯನ್ನು ಚೀಲಕ್ಕೆ ತುರುಕಿ ಲೆಕ್ಕಕ್ಕೆ ಸೇರಿಸಿದರೆ ಅಲ್ಲೇ ಜಗಳವಾಗುತ್ತದೆ. ಮೊಬೈಲಿನಲ್ಲಿ ಜಗಳಕ್ಕೆ ಎದುರಾಳಿಯೇ ಕಾಣುವುದಿಲ್ಲ. ಮೊತ್ತವನ್ನು ಐದು, ಹತ್ತು, ನಲವತ್ತೊಂಬತ್ತು ಎಂದು ಸಣ್ಣದಾಗಿ ಇಡುವುದೂ ಇದೇ ಕಾರಣಕ್ಕೆ ಎಂಬುದು ನನ್ನ ಅನುಮಾನ, ಏಕೆಂದರೆ 49 ರೂಪಾಯಿಗಾಗಿ ಯಾರೂ ಅರ್ಧ ದಿನ ಕಳೆಯುವುದಿಲ್ಲ.

ಪರದೆಯ ಜೋಡಣೆಯನ್ನು ಸ್ವಲ್ಪ ಗಮನಿಸಿ ನೋಡಿ. ಹಣ ಕಟ್ಟುವ ಗುಂಡಿ ಕೆಳಗೆ ಅಂಟಿಕೊಂಡಂತೆ ಯಾವಾಗಲೂ ಕಾಣುತ್ತದೆ, ಬಣ್ಣವೂ ಗಾಢವಾಗಿರುತ್ತದೆ. ಟಿಕ್ ತೆಗೆಯುವ ಚೌಕ ಮಾತ್ರ ಮೇಲೆ ಎಲ್ಲೋ ಬೂದು ಬಣ್ಣದ ಅಕ್ಷರಗಳ ನಡುವೆ ಇರುತ್ತದೆ. ಅದನ್ನು ತೆಗೆಯಲು ಹೋದರೆ ‘ನಾನು ಅಪಾಯಕ್ಕೆ ಸಿದ್ಧ’ ಎಂಬಂಥ ವಾಕ್ಯವನ್ನು ಒತ್ತಿಯೇ ಮುಂದೆ ಹೋಗುವಂತೆ ಮಾಡಿರುತ್ತಾರೆ. ಹೀಗೆ ನಾಚಿಸಿ ಒಪ್ಪಿಸುವುದಕ್ಕೂ ಅದೇ ಮಾರ್ಗಸೂಚಿಯಲ್ಲಿ ‘ಕನ್‌ಫರ್ಮ್ ಶೇಮಿಂಗ್’ ಎಂಬ ಹೆಸರಿದೆ. ನಮ್ಮಲ್ಲಿ ಇನ್ನೊಂದು ಕಷ್ಟ ಸೇರಿಕೊಳ್ಳುತ್ತದೆ. ಆಷಾಢದ ಮಳೆಯಲ್ಲಿ ಕರೆಂಟು ಹೋಗಿ ನೆಟ್‌ವರ್ಕ್ ಒಂದು ಕಡ್ಡಿಗೆ ಇಳಿದಿರುವಾಗ ಪುಟ ಅರ್ಧದಲ್ಲಿ ನಿಂತುಬಿಡುತ್ತದೆ, ಮತ್ತೆ ತೆರೆದರೆ ನೀವು ತೆಗೆದಿದ್ದ ಟಿಕ್ ಪುನಃ ತನ್ನ ಜಾಗಕ್ಕೆ ಬಂದು ಕೂತಿರುತ್ತದೆ. ಇದು ನನಗೆ ಒಂದೇ ಸಂಜೆಯಲ್ಲಿ ಎರಡು ಸಲ ಆಗಿದೆ. ಆದ್ದರಿಂದ ಈಗ ನಾನು ವಸ್ತುವಿನ ಬೆಲೆಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಂಡು, ಯುಪಿಐ ಆ್ಯಪ್ ಪಿನ್ ಕೇಳುವ ಕೊನೆಯ ಪರದೆಯಲ್ಲಿ ಕಾಣುವ ಮೊತ್ತದೊಂದಿಗೆ ತಾಳೆ ನೋಡುತ್ತೇನೆ. ಅಲ್ಲಿ ಅಂಗಡಿಯ ಬಣ್ಣ, ಬಾಣ ಯಾವುದೂ ಇರುವುದಿಲ್ಲ, ಮೊತ್ತ ಮಾತ್ರ ಇರುತ್ತದೆ. ಎರಡೂ ಹೊಂದದಿದ್ದರೆ ಹಿಂದೆ ಬರುತ್ತೇನೆ.

ರಕ್ಷಣಾ ಯೋಜನೆಗಳೆಲ್ಲ ಮೋಸವೆಂದು ನಾನು ಹೇಳುತ್ತಿಲ್ಲ. ಬೆಲೆಬಾಳುವ ಮೊಬೈಲಿಗೆ ಯಾರಾದರೂ ತಿಳಿದು ಕೊಂಡರೆ ಅದು ಅವರ ಇಷ್ಟ. ಆದರೆ ಕುಟ್ಟ, ಬಿರುನಾಣಿ ಕಡೆಯ ಗ್ರಾಹಕರ ವಿಳಾಸಕ್ಕೆ ‘ಮನೆಗೇ ಬಂದು ರಿಪೇರಿ’ ಎಂಬ ಸೇವೆಯನ್ನು ಮಾರಿ, ಆಮೇಲೆ ಆ ಪಿನ್‌ಕೋಡಿಗೆ ಸೇವೆ ಲಭ್ಯವಿಲ್ಲ ಎಂದು ಹೇಳಿದ್ದನ್ನು ನಾನೇ ಫೋನಿನಲ್ಲಿ ಕೇಳಿದ್ದೇನೆ. ಗಮ್ ಬೂಟಿಗೆ ಹಾನಿ ರಕ್ಷಣೆ ಏನು ಮಾಡುತ್ತದೆ ಎಂಬುದು ನನಗಂತೂ ಅರ್ಥವಾಗಲಿಲ್ಲ.

ಇನ್ನು ಆ 7 ರೂಪಾಯಿಯ ಪ್ಲಾಟ್‌ಫಾರ್ಮ್ ಶುಲ್ಕವನ್ನು ನೀವು ಬೇಡವೆನ್ನಲು ಆಗುವುದಿಲ್ಲ, ಅದು ಐಚ್ಛಿಕವಲ್ಲ. ಆದ್ದರಿಂದ ಅದನ್ನು ಬ್ಯಾಸ್ಕೆಟ್ ಸ್ನೀಕಿಂಗ್ ಎನ್ನುವುದು ಕಷ್ಟ. ಅಲ್ಲಿ ಕೇಳಬೇಕಾದ ಪ್ರಶ್ನೆ, ಅದನ್ನು ಯಾವಾಗ ತೋರಿಸಿದರು ಎಂಬುದು. ಬೆಲೆಯ ಒಂದು ಭಾಗವನ್ನು ಮೊದಲಿಗೆ ಮುಚ್ಚಿಟ್ಟು ಕೊನೆಯಲ್ಲಿ ಹನಿಹನಿಯಾಗಿ ಬಿಡುವುದಕ್ಕೆ ಮಾರ್ಗಸೂಚಿಯಲ್ಲಿ ‘ಡ್ರಿಪ್ ಪ್ರೈಸಿಂಗ್’ ಎಂಬ ಪ್ರತ್ಯೇಕ ಹೆಸರಿದೆ. ದೂರಿನಲ್ಲಿ ಅದನ್ನೂ ಒಂದು ಸಾಲಿನಲ್ಲಿ ಬರೆಯಿರಿ, ಆದರೆ 49 ಮತ್ತು 10 ಸೇರಿದ 59 ರೂಪಾಯಿಯ ಬೇಡಿಕೆಯೊಂದಿಗೆ ಕಲಸಬೇಡಿ. ಕಲಸಿದರೆ ಕಂಪನಿಯವರು 7ರ ಬಗ್ಗೆ ಉದ್ದವಾಗಿ ವಿವರಣೆ ಕೊಟ್ಟು 59ರ ಬಗ್ಗೆ ಸುಮ್ಮನಾಗುತ್ತಾರೆ.

ವಾಪಸ್ ಪಡೆಯುವ ದಾರಿಯನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ಅಂಗಡಿಗೆ ಪ್ರಿಂಟರ್ ತರಿಸಿದಾಗ ನಾನು ಕೇಳದ ‘ಹೆಚ್ಚುವರಿ ವಾರಂಟಿ’ಯೊಂದು 199 ರೂಪಾಯಿಗೆ ಸೇರಿತ್ತು. ಚಾಟ್‌ನಲ್ಲಿ ಕೇಳಿದರೆ, ಅದು ನೀವೇ ಆಯ್ದ ಸೇವೆ, ರದ್ದಾಗುವುದಿಲ್ಲ ಎಂದರು. ಆಗ ನಾನು ವಾದ ಮಾಡುವುದನ್ನು ಬಿಟ್ಟು ಅವರ ಕುಂದುಕೊರತೆ ಅಧಿಕಾರಿಗೆ ಇಮೇಲ್ ಬರೆದೆ. ಇಂಥ ಅಧಿಕಾರಿಯ ಹೆಸರು ಮತ್ತು ಸಂಪರ್ಕವನ್ನು ಜಾಲತಾಣದಲ್ಲಿ ತೋರಿಸಲೇಬೇಕು, ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು ಎಂದು ಅದೇ ಇ-ಕಾಮರ್ಸ್ ನಿಯಮಗಳಲ್ಲಿದೆ. ಇಮೇಲಿನಲ್ಲಿ ಒಂದೇ ಪ್ರಶ್ನೆ ಕೇಳಿದ್ದೆ: ಈ ಸೇವೆಗೆ ನಾನು ಸ್ವತಃ ಒಪ್ಪಿಗೆ ಕೊಟ್ಟ ದಾಖಲೆಯನ್ನು ಕಳುಹಿಸಿ, ಇಲ್ಲವಾದರೆ 199 ರೂಪಾಯಿಯನ್ನು ಹಿಂದಿರುಗಿಸಿ. ಸ್ವೀಕೃತಿ ಬಂತು, ಉತ್ತರ ಬರಲಿಲ್ಲ. ಒಂದು ವಾರ ಕಾದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ದೂರು ಕೊಟ್ಟೆ, ದೂರಿನ ಗುರುತಾದ ಡಾಕೆಟ್ ಸಂಖ್ಯೆ ಎಸ್‌ಎಂಎಸ್‌ನಲ್ಲಿ ಬಂತು. ಸಹಾಯವಾಣಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ, ಅದು ದೂರನ್ನು ಕಂಪನಿಗೆ ಕಳುಹಿಸಿ ಉತ್ತರ ಕೇಳುತ್ತದೆ, ಅಷ್ಟೇ. ಆದರೆ ಅಷ್ಟಕ್ಕೇ ನನ್ನ ಹಣ ಒಂಬತ್ತನೆಯ ದಿನ ಖಾತೆಗೆ ಬಂತು. ಚಾಟ್‌ನಲ್ಲಿ ‘ರದ್ದಾಗುವುದಿಲ್ಲ’ ಎಂದಿದ್ದ ಸೇವೆ ಹೇಗೆ ರದ್ದಾಯಿತೆಂದು ಯಾರೂ ಹೇಳಲಿಲ್ಲ.

ಇದಕ್ಕೂ ಬಗ್ಗದಿದ್ದರೆ ಮಡಿಕೇರಿಯಲ್ಲಿ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ಕಂಪನಿಯ ಕಚೇರಿ ಎಲ್ಲೇ ಇದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು, ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ಘಟನೆಯಾದ ಎರಡು ವರ್ಷದೊಳಗೆ ಹೂಡಬೇಕು. ನಿಜ ಹೇಳಬೇಕೆಂದರೆ 59 ರೂಪಾಯಿಗಾಗಿ ಆಯೋಗಕ್ಕೆ ಅಲೆಯಿರಿ ಎಂದು ನಾನು ಸಲಹೆ ಕೊಡುವುದಿಲ್ಲ. ಅದಕ್ಕಿಂತ ಸುಲಭವಾದ ಇನ್ನೊಂದು ಬಾಗಿಲಿದೆ. ಕಾಯ್ದೆಯ 17ನೇ ಕಲಮಿನಂತೆ, ಗ್ರಾಹಕರೆಲ್ಲರಿಗೂ ತೊಂದರೆ ಕೊಡುವ ಅನುಚಿತ ವ್ಯಾಪಾರ ಪದ್ಧತಿಯ ಬಗ್ಗೆ ಜಿಲ್ಲಾಧಿಕಾರಿಗೇ ಲಿಖಿತವಾಗಿ ಅಥವಾ ಇಮೇಲ್ ಮೂಲಕ ದೂರು ಕೊಡಬಹುದು, ನೇರವಾಗಿ ಕೇಂದ್ರ ಪ್ರಾಧಿಕಾರಕ್ಕೂ ಕಳುಹಿಸಬಹುದು. ಅಲ್ಲಿ ನಿಮ್ಮ 59 ರೂಪಾಯಿ ಕೈಗೆ ಬರದೆ ಇರಬಹುದು, ಆದರೆ ಎಲ್ಲರ ಬಿಲ್ಲಿಗೂ ಅದನ್ನು ಸೇರಿಸುತ್ತಿರುವ ಆ ಚೌಕದ ವಿಚಾರಣೆಗೆ ದಾರಿಯಾಗುತ್ತದೆ.

ಕಂಪನಿಯ ಫೋನ್ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಿ ಕರೆ ಮಾಡಬೇಡಿ, ನಕಲಿ ಸಂಖ್ಯೆಗಳು ಬಹಳ ಇವೆ. ಆ್ಯಪ್‌ನೊಳಗೆ ಇರುವುದನ್ನೇ ಬಳಸಿ. ಹಣ ವಾಪಸ್ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯ ಎಂದಿಗೂ ಬರುವುದಿಲ್ಲ.

ಇಂದೇ ಮಾಡಬೇಕಾದ ಕೆಲಸವೆಂದರೆ ನಿಮ್ಮ ಇಮೇಲನ್ನು ಹುಡುಕಿ ನೋಡುವುದು. ಹಾನಿ ರಕ್ಷಣೆಯಂಥವು ಅನೇಕ ಸಲ ಬೇರೊಂದು ಸಂಸ್ಥೆಯ ಹೆಸರಿನಲ್ಲಿ ಪ್ರತ್ಯೇಕ ಬಿಲ್ಲಾಗಿ ಬಂದಿರುತ್ತವೆ, ಅದಕ್ಕೆ ಪ್ರತ್ಯೇಕ ಸಂಖ್ಯೆಯೂ ಇರುತ್ತದೆ. ಆ ಬಿಲ್ಲು, ಬೂಟಿನ ಬಿಲ್ಲು ಮತ್ತು ಹಣ ಕಟ್ಟಿದ ಯುಪಿಐ ವಿವರದ ಸ್ಕ್ರೀನ್‌ಶಾಟ್ ಈ ಮೂರನ್ನೂ ಒಂದೇ ಇಮೇಲಿಗೆ ಲಗತ್ತಿಸಿ. ಸಾಧ್ಯವಾದರೆ ಅದೇ ಬೂಟನ್ನು ಮತ್ತೊಮ್ಮೆ ಕಾರ್ಟಿಗೆ ಹಾಕಿ, ಹಣ ಕಟ್ಟದೆ, ಮೊದಲೇ ಟಿಕ್ ಬಿದ್ದಿರುವ ಪರದೆಯ ಚಿತ್ರವನ್ನೂ ತೆಗೆದಿಟ್ಟುಕೊಳ್ಳಿ. ದೂರು ತಲುಪಿದ ಮೇಲೆ ಆ ಟಿಕ್ ಅಲ್ಲಿ ಇಲ್ಲದೆಯೂ ಹೋಗಬಹುದು.